ಇಪ್ಪತ್ತೇಳನೇ ನಂಬರಿನ ಪ್ಲಾಟು

ಜೇವರ್ಗಿ
6 ಜನವರಿ 2025

ಅಪ್ಪನಿಗೆ,

ನೀವು ಜೈಲಿಗೆ ಹೋದ ಹದಿನಾಲ್ಕು ತಿಂಗಳಲ್ಲಿ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ನಿಮ್ಮ ಒಂಬತ್ತು ಪತ್ರಗಳು ತಲುಪಿವೆ. ಒಡೆದು ಓದಿಲ್ಲ. ಹರಿದೂ ಹಾಕಿಲ್ಲ. ಸಕ್ಕರೆ ಡಬ್ಬಿಯ ಹಿಂದೆ ಇವೆ.

ಅಲ್ಲಿಂದ ವಾರಕ್ಕೊಮ್ಮೆ ಫೋನ್ ಮಾಡಲು ಬಿಡುತ್ತಾರೆ ಎಂದು ಗೊತ್ತು. ಮಾಡಬೇಡಿ. ನಿಮ್ಮ ದನಿ ಕೇಳಿದರೆ ನಾನು ನಂಬಿಬಿಡುತ್ತೇನೆ, ಅದೇ ತೊಂದರೆ. ಕಾಗದವಾದರೆ ನಿಧಾನಕ್ಕೆ ಎರಡು ಸಲ ಓದಬಹುದು.

ವಿಷಯಕ್ಕೆ ಬರುತ್ತೇನೆ. ನನಗೊಂದು ಪ್ಲಾಟು ಕೊಳ್ಳಬೇಕಾಗಿದೆ. ಲ್ಯಾಬಿನ ಸಂಬಳದಲ್ಲಿ ಆರು ವರ್ಷ ಉಳಿಸಿದ್ದು ಇದೆ. ಆಳಂದದ ಮನೆಯನ್ನು ಕೇಸಿಗಾಗಿ ಮಾರಿದ ಮೇಲೆ ಬಾಡಿಗೆ ಮನೆಗಳಲ್ಲಿದ್ದೇನೆ. ಹೋದಲ್ಲೆಲ್ಲ ಮೊದಲು ಕೇಳುವುದು "ನಿಮ್ಮ ತಂದಿಯವ್ರು ಏನ್ ಮಾಡ್ತಾರ್ರಿ?" ಅಂತ. ರಿಯಲ್ ಎಸ್ಟೇಟ್ ಎಂದು ಹೇಳುತ್ತಿದ್ದೆ. ಸುಳ್ಳಲ್ಲವಲ್ಲ. ಆದರೆ ಜನರಿಗೆ ಹೇಗೋ ತಿಳಿಯುತ್ತದೆ, ಪುಣೆಯಲ್ಲಿದ್ದವನ ಪ್ಲಾಟನ್ನು ಬೇರೆ ಯಾರನ್ನೋ ಮಾಲೀಕನೆಂದು ನಿಲ್ಲಿಸಿ ಮಾರಿದ ಪ್ಲಾಟ್ ಅಮರನಾಥನ ಮಗಳು ಎಂದು. ಆಗ ಅವರ ಮಗನಿಗೆ ಕೋಣೆ ಬೇಕಾಗುತ್ತದೆ, ನಾನು ಬಿಡಬೇಕಾಗುತ್ತದೆ. ಈಗ ಬಾನುಬಿ ಆಪಾ ಅವರ ಮನೆಯಲ್ಲಿದ್ದೇನೆ. ಅವರು ದವಾಖಾನೆಯಲ್ಲಿ ಆಯಾ ಆಗಿದ್ದವರು. ಅವರು ಮಾತ್ರ ಏನೂ ಕೇಳಲಿಲ್ಲ. ಆದರೂ ಯಾರೂ ಏನೂ ಕೇಳಲಾಗದ ಒಂದು ಬಾಗಿಲು ನನಗೆ ಬೇಕು.

ಮೂವತ್ತು ನಲವತ್ತರ ಒಂದು ಸೈಟು ಸಾಕು. ಹೇಗೆ ನೋಡಬೇಕು, ಯಾವ ಕಾಗದ ಕೇಳಬೇಕು ಎಂದು ನನಗೆ ಗೊತ್ತಿಲ್ಲ. ಗೊತ್ತಿರುವವರು ನನಗೆ ನೀವೊಬ್ಬರೇ. ಅದನ್ನಷ್ಟೇ ಬರೆಯಿರಿ. ಅವ್ವನ ವಿಷಯ ಬೇಡ.

ಶಾಂಭವಿ

*

ಜೈಲು
19 ಜನವರಿ 2025

ಚಿ. ಶಾಂಭವಿಗೆ ಅಪ್ಪನ ಶರಣಾರ್ಥಿ.

ನಾವು ಇತ್ತ ಸುಖವಾಗಿದ್ದೇವೆ ಎಂದು ಶುರುಮಾಡಬೇಕು. ಇಲ್ಲಿಂದ ಹಾಗೆ ಬರೆದರೆ ಪತ್ರ ತಪಾಸಣೆ ಮಾಡುವ ಸಾಹೇಬರೂ ನಗುತ್ತಾರೆ. ನಿನ್ನ ಪತ್ರ ತಂದುಕೊಟ್ಟವರು ವಾರ್ಡರ್ ಲಾಲಸಾಬರು. "ಮಗಳು ಬರದಾಳ ನೋಡ್ರಿ" ಎಂದು ಕೈಯಲ್ಲಿಟ್ಟರು. ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದೆ.

ಕೇಳಿದ್ದಕ್ಕಷ್ಟೇ ಉತ್ತರ ಬರೆಯುತ್ತೇನೆ. ಲೇಔಟಿಗೆ ಹೋದಾಗ ಕಮಾನು ನೋಡಬೇಡ. ಕಮಾನು ದೊಡ್ಡದಿದ್ದಷ್ಟೂ ಒಳಗೆ ಏನೋ ಸಣ್ಣದಿದೆ ಎಂದು ತಿಳಿ. ಏಜೆಂಟನ ಕಾರಿನಲ್ಲಿ ಹೋಗಬೇಡ, ಅವನು ಕೊಡಿಸುವ ಊಟ ಮಾಡಬೇಡ. ಊಟ ಮಾಡಿದವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಇಪ್ಪತ್ತೆರಡು ವರ್ಷ ನಾನು ಅದನ್ನೇ ನಂಬಿ ಜನರಿಗೆ ರೊಟ್ಟಿ ಎಣ್ಣೆಗಾಯಿ ಉಣ್ಣಿಸಿದವನು. ಒಬ್ಬಳೇ ಹೋಗು, ಇಲ್ಲವೇ ನಿನ್ನ ಬಾನುಬಿಯವರನ್ನು ಕರೆದುಕೊಂಡು ಹೋಗು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಗೋಡೆಯನ್ನೂ ಸೀಳುತ್ತದೆ. ಸಣ್ಣ ಕಲ್ಲು ಬೆರೆತ ಗಟ್ಟಿ ಗರಸು ನೆಲ ಸಿಕ್ಕರೆ ಚದರಡಿಗೆ ನೂರು ರೂಪಾಯಿ ಜಾಸ್ತಿಯಾದರೂ ಒಳ್ಳೆಯದು.

ಇನ್ನು ಕಾಗದ. ಹೊಲವನ್ನು ಮನೆ ಕಟ್ಟಲು ಬದಲಿಸಿದ ಎನ್.ಎ. ಆದೇಶ ಕೇಳು. ಮೂವತ್ತು ವರ್ಷದ ಪಹಣಿ ತೆಗೆಸು. ಹೊಲ ಯಾರಿಂದ ಯಾರಿಗೆ ಬಂತು ಎಂದು ಬೆರಳಿಟ್ಟು ಓದು. ಎಲ್ಲಿ ಹೆಸರು ಜಿಗಿಯುತ್ತದೋ ಅಲ್ಲಿ ನಿಲ್ಲು.

ಮುಖ್ಯವಾದದ್ದು ಒಂದಿದೆ. ನಮ್ಮ ಕಡೆ ಪಹಣಿಯಲ್ಲಿ ಕಾಣದವರು ಅಕ್ಕತಂಗಿಯರು. ತಂದೆ ತೀರಿದ ಮೇಲೆ ಅಣ್ಣನಾದವನು ಒಂದು ಸೀರೆ, ಒಂದು ಕುಪ್ಪಸದ ಖಣ ತಂದು ತಂಗಿಯ ಉಡಿ ತುಂಬುತ್ತಾನೆ. ಅವಳು ಕಚೇರಿಗೆ ಬಂದು ಹೊಲದ ಹಕ್ಕು ಬಿಟ್ಟೆ ಎಂದು ಹೆಬ್ಬೆಟ್ಟು ಒತ್ತುತ್ತಾಳೆ. ಒತ್ತದೆ ಉಳಿದವಳು ಇಪ್ಪತ್ತು ವರ್ಷದ ಮೇಲೆ ಬಂದು ನಿನ್ನ ಪಾಯದ ಮೇಲೆ ನಿಂತರೆ ಕೋರ್ಟು ಅವಳದೇ ಮಾತು ಕೇಳುತ್ತದೆ. ಹಾಗಾಗಿ ಹಕ್ಕು ಬಿಡುಗಡೆ ಪತ್ರದ ನಕಲು ತೆಗೆಸು. ಬರೆದುಕೊಟ್ಟವರ ಫೋಟೋ ಅದರಲ್ಲಿರುತ್ತದೆ. ನೋಡು.

ಒಂಬತ್ತು ಪತ್ರಗಳನ್ನು ಓದಬೇಕೆಂದಿಲ್ಲ. ಅವುಗಳಲ್ಲಿ ಹೆಚ್ಚೇನೂ ಇಲ್ಲ.

ನಿನ್ನ ತಂದೆ
ಅಮರನಾಥ

*

ಜೇವರ್ಗಿ
9 ಫೆಬ್ರವರಿ 2025

ಅಪ್ಪನಿಗೆ,

ಮೊದಲ ಪ್ಲಾಟು ನೋಡಿದೆ. ಜೇವರ್ಗಿಯ ಹೊರಗೆ, ದೊಡ್ಡ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಕಮಾನು ಇದೆ, ಬಣ್ಣದ ಬಾವುಟಗಳಿವೆ, ನೀರಿಲ್ಲದ ಒಂದು ಕಾರಂಜಿ ಇದೆ. ಬಾನುಬಿ ಆಪಾ ಅವರನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋಗಿದ್ದೆ. ಅವರು ಏಜೆಂಟ್ ಹೇಳಿದ್ದನ್ನೆಲ್ಲ ಕೇಳಿ ಮೂಲೆಯಲ್ಲಿ ಹಸಿರು ನೋಡುತ್ತಾ ನಿಂತರು. "ಸುತ್ತೆಲ್ಲ ಒಣಗಿ ಬಿದ್ದದ. ಇಲ್ಲಿ ಮಾತ್ರ ಜೇಕಿನ ಹುಲ್ಲು ಎದ್ದದ ನೋಡ ಬೇ, ಚಂದ ಕಾಣತದ" ಎಂದರು. ಬೆಲೆ ನನ್ನ ಕೈಗೆಟಕುತ್ತದೆ. ಕಾಗದಗಳ ಜೆರಾಕ್ಸ್ ಇದರೊಂದಿಗೆ ಇಟ್ಟಿದ್ದೇನೆ.

ಇನ್ನೊಂದು ವಿಷಯ. ದುಡ್ಡಿಗೆ ಸೇರಿಸಲೆಂದು ಅವ್ವನ ಟ್ರಂಕ್ ತೆಗೆದೆ. ಅವಳ ಬಂಗಾರದ ಸರ, ಬೋರಮಾಳ ಸಿಕ್ಕಿತು. ಅದರ ಕೆಳಗೆ ಒಂದು ಹೊಸ ಇಳಕಲ್ ಸೀರೆ, ಅಂಗಡಿಯ ಕಾಗದದಲ್ಲಿ ಸುತ್ತಿದ್ದು ಹಾಗೆಯೇ ಇದೆ. ಹಸಿರು ಒಡಲು, ಕೆಂಪು ಸೆರಗು. ಮಡಿಕೆಯ ಒಳಗೆ ಒಂದು ಖಣ, ಅರಿಶಿನ ಕೊಂಬು, ಎರಡು ಅಡಿಕೆ. ಯಾರದೋ ಉಡಿ ತುಂಬಲು ತಯಾರು ಮಾಡಿಟ್ಟ ಹಾಗಿದೆ. ಅವ್ವ ಇಷ್ಟು ಬೆಲೆಯ ಸೀರೆಯನ್ನು ತನಗಾಗಿ ತೆಗೆದುಕೊಂಡವಳಲ್ಲ. ಯಾರಿಗೆ ಇಟ್ಟಿದ್ದಳು?

ಅವ್ವನ ವಿಷಯ ಬೇಡ ಎಂದು ನಾನೇ ಬರೆದಿದ್ದೆ. ಇದೊಂದಕ್ಕೆ ಉತ್ತರ ಕೊಡಿ.

ಶಾಂಭವಿ

*

ಜೈಲು
24 ಫೆಬ್ರವರಿ 2025

ಚಿ. ಶಾಂಭವಿಗೆ,

ಆ ಪ್ಲಾಟು ಬೇಡ. ಕಾಗದ ಸರಿಯಿದೆ, ನೆಲ ಸರಿಯಿಲ್ಲ. ಮಾಘದಲ್ಲಿ ಜೇಕು ಹಸಿರಾಗಿದೆ ಎಂದರೆ ಅಲ್ಲಿ ಹಳ್ಳ ಹರಿಯುತ್ತಿತ್ತು ಎಂದೇ ಅರ್ಥ. ಮಣ್ಣು ಹಾಕಿ ಮುಚ್ಚಿದ್ದಾರೆ. ಹಳ್ಳಕ್ಕೆ ಹಳೆಯ ದಾರಿ ಮರೆಯುವುದಿಲ್ಲ, ಎರಡು ದೊಡ್ಡ ಮಳೆಯಾದರೆ ನಿನ್ನ ಅಡುಗೆಮನೆಯಲ್ಲಿ ಬಂದು ಕೂರುತ್ತದೆ. ಬಾನುಬಿಯವರಿಗೆ ನನ್ನ ಸಲಾಂ ಹೇಳು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಇಂಥ ಗಿರಾಕಿ ಸಿಕ್ಕಿದ್ದರೆ ನಾನು ಎಂದೋ ಅಂಗಡಿ ಮುಚ್ಚುತ್ತಿದ್ದೆ.

ಅವಸರ ಮಾಡಬೇಡ. ಮೊದಲ ಸಲ ಕೊಳ್ಳುವವರೆಲ್ಲ ಮಾಡುವ ತಪ್ಪು ಅದು. ನಾಳೆ ಬೆಲೆ ಏರುತ್ತದೆ ಎಂದು ಏಜೆಂಟ್ ಹೇಳಿದರೆ, ಹಾಗಾದರೆ ನೀವೇ ಇಟ್ಟುಕೊಳ್ಳಿ ಅನ್ನು.

ಇಲ್ಲಿ ಚಳಿ ಕಡಿಮೆಯಾಗಿದೆ. ಲಾಲಸಾಬರು ತಮಗೂ ಒಂದು ಪ್ಲಾಟು ನೋಡಿಕೊಡಿ ಎನ್ನುತ್ತಾರೆ. ನನ್ನ ಕೈಯಿಂದ ಕೊಳ್ಳುವ ಧೈರ್ಯ ಮಾಡಿದ ಕೊನೆಯ ಮನುಷ್ಯ ಅವರೇ ಇರಬೇಕು.

ನಿನ್ನ ತಂದೆ
ಅಮರನಾಥ

*

ಜೇವರ್ಗಿ
20 ಮಾರ್ಚ್ 2025

ಅಪ್ಪನಿಗೆ,

ಸೀರೆಯ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ಇರಲಿ.

ಪ್ಲಾಟು ಸಿಕ್ಕಿತು. ಅಫಜಲಪುರ ತಾಲ್ಲೂಕಿನ ಗೊಬ್ಬೂರದ ಹತ್ತಿರ. ರವಿವಾರ ಹೋಗಿದ್ದೆ. ನೆಲ ಸ್ವಲ್ಪ ಎತ್ತರದಲ್ಲಿದೆ, ಕಾಲಲ್ಲಿ ಕೆದರಿದರೆ ಗರಸು ಸಿಗುತ್ತದೆ. ಜೇಕು ಇಲ್ಲ, ಕಮಾನೂ ಇಲ್ಲ. ಹವಳಗಾದ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು ದೂರದಿಂದ ಕೇಳುತ್ತದೆ. ನಂಬರ್ ಇಪ್ಪತ್ತೇಳು, ಮೂಲೆಯದು, ಪೂರ್ವಕ್ಕೆ ಮುಖ. ಒಂದು ಬೇವಿನ ಗಿಡವಿದೆ.

ಏಜೆಂಟ್ ಹೆಸರು ಭೀಮಶಾ. ಊಟಕ್ಕೆ ಕರೆದ, ಹೋಗಲಿಲ್ಲ. ನೀವು ಹೇಳಿದ ಹಾಗೆ ಅಕ್ಕತಂಗಿಯರ ವಿಷಯ ಕೇಳಿದೆ. ಅವನು ನನ್ನನ್ನು ಮೇಲೆ ಕೆಳಗೆ ನೋಡಿ, "ಮೇಡಂ, ನೀವು ನಮ್ಮ ಲೈನಿನವ್ರೇ ಅದೀರಿ ಬಿಡ್ರಿ" ಎಂದ. ಆಮೇಲೆ ಹೇಳಿದ, "ಜಮೀನು ಅಣ್ಣಾರಾಯ ಸಾವಕಾರ್ರದು. ಒಬ್ಬಾಕಿ ತಂಗಿ ಇದ್ದಾಳ, ಹಿರೋಳ್ಳಿಗಿ ಕೊಟ್ಟಾರ, ಮಲ್ಕಮ್ಮ ಅಂತ. ಆಕಿ ಹಕ್ಕ ಬಿಟ್ಟುಕೊಟ್ಟು ಹತ್ತು ವರ್ಷ ಆತ್ರಿ. ರಜಿಸ್ಟರ್ ಅದ, ಫೋಟೋ ಅದ, ಎಲ್ಲಾ ಪಕ್ಕಾ."

ಬೇವಿನ ಗಿಡದ ಕೆಳಗೆ ನಿಂತಿದ್ದಾಗ, ಇಲ್ಲಿ ಒಲೆ ಕಟ್ಟೆ, ಅಲ್ಲಿ ಕಿಟಕಿ ಎಂದು ಲೆಕ್ಕ ಹಾಕುತ್ತಿದ್ದೆ. ಅವ್ವ ಹೋಗಿ ಎರಡು ವರ್ಷವಾಯಿತು. ಅಂದಿನಿಂದ ನನಗೆ ಏನೂ ಬೇಕು ಎನಿಸಿರಲಿಲ್ಲ, ಊಟ ಕೂಡ. ಅಲ್ಲಿ ಬೇಕು ಎನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನೋಡಿ ಹೇಳಿ.

ಶಾಂಭವಿ

*

ಜೈಲು
2 ಏಪ್ರಿಲ್ 2025

ಶಾಂಭವಿ,

ಬೇಡ.

ಅಪ್ಪ

*

ಜೇವರ್ಗಿ
15 ಏಪ್ರಿಲ್ 2025

ಅಪ್ಪನಿಗೆ,

ಜೇವರ್ಗಿಯ ಪ್ಲಾಟು ಬೇಡ ಎನ್ನಲು ಒಂದು ಪುಟ ಬರೆದಿದ್ದಿರಿ. ಇದಕ್ಕೆ ಒಂದು ಮಾತು. ಹತ್ತು ದಿನ ಕಾದೆ, ಇನ್ನೊಂದು ಪತ್ರ ಬರಬಹುದೆಂದು. ಬರಲಿಲ್ಲ.

ನೀವು ಕಾರಣ ಕೊಟ್ಟಿದ್ದರೆ ನಾನು ನಿಲ್ಲುತ್ತಿದ್ದೆ. ಕಾರಣವಿಲ್ಲದೆ ನಿಮ್ಮ ಮಾತು ಕೇಳುವ ವಯಸ್ಸು ನನಗೆ ಮುಗಿದಿದೆ. ನನಗೆ ಹೊಳೆಯುವುದು ಇಷ್ಟೇ: ನಿಮ್ಮ ಮನೆ ಹೋಯಿತು, ನನ್ನದು ಆಗುವುದನ್ನು ನೋಡಲು ನಿಮಗೆ ಆಗುತ್ತಿಲ್ಲ. ಹೀಗೆ ಬರೆಯಬಾರದು ಎಂದು ಗೊತ್ತು. ಬರೆದೆ.

ನಿನ್ನೆ ಭೀಮಶಾನಿಗೆ ಬಯಾನಾ ಕೊಟ್ಟೆ. ಅವ್ವನ ಬೋರಮಾಳ ಮುಂಗಡಕ್ಕೆ ಹೋಯಿತು. ಉಳಿದದ್ದು ರಜಿಸ್ಟರ್ ದಿನ. ಅಷ್ಟರಲ್ಲಿ ನೀವು ಹೇಳಿದ ಕಾಗದಗಳನ್ನೆಲ್ಲ ತರಿಸಿ ನೋಡುತ್ತೇನೆ. ಪಹಣಿ ಬಂದಿದೆ, ಬೆರಳಿಟ್ಟು ಓದಿದೆ. 2014ರವರೆಗೆ ಅಣ್ಣಾರಾಯ, ಮಲ್ಕಮ್ಮ ಎಂದು ಎರಡು ಹೆಸರು. ಆಮೇಲೆ ಒಂದೇ. ಹಕ್ಕು ಬಿಡುಗಡೆ ಪತ್ರದ ನಕಲಿಗೆ ಅರ್ಜಿ ಹಾಕಿದ್ದೇನೆ.

ನೀವು ಕಲಿಸಿದ ಹಾಗೆಯೇ ಮಾಡುತ್ತಿದ್ದೇನೆ.

ಶಾಂಭವಿ

*

ಜೇವರ್ಗಿ
30 ಮೇ 2025

ಅಪ್ಪನಿಗೆ,

ನಕಲು ಬಂದಿದೆ. ಒಂಬತ್ತು ಪುಟ. ಮೊದಲ ಏಳು ಪುಟಗಳಲ್ಲಿ ಹೊಲದ ನಾಲ್ಕು ದಿಕ್ಕಿನಲ್ಲಿ ಯಾರ ಹೊಲ, ಯಾವ ದಾರಿ ಎಂದಿದೆ. ನಾನು ಮಲ್ಕಮ್ಮ, ನನ್ನ ಅಣ್ಣನ ಮೇಲಿನ ಪ್ರೀತಿ ವಿಶ್ವಾಸದಿಂದ ನನ್ನ ಪಾಲಿನ ಎರಡು ಎಕರೆಯ ಹಕ್ಕನ್ನು ಸ್ವಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ ಎಂದಿದೆ. ಎಂಟನೇ ಪುಟದಲ್ಲಿ ಬರೆದುಕೊಟ್ಟವರ ಫೋಟೋ ಮತ್ತು ಎಡಗೈ ಹೆಬ್ಬೆಟ್ಟು.

ಮಲ್ಕಮ್ಮ ಎಂಬ ಹೆಸರಿನ ಕೆಳಗಿನ ಫೋಟೋ ಅವ್ವನದು.

ಲ್ಯಾಬಿನಲ್ಲಿ ಒಂದು ರಿಪೋರ್ಟಿನ ಮೇಲೆ ಸಂಶಯ ಬಂದರೆ ಮತ್ತೆ ರಕ್ತ ತೆಗೆದು ನೋಡುತ್ತೇವೆ. ಹಾಗೆಯೇ ಇದನ್ನೂ ಮತ್ತೆ ನೋಡಿದೆ. ತಲೆ ಮೇಲೆ ಸೆರಗಿದೆ. ಎಡ ಹುಬ್ಬಿನ ಮೇಲೆ ಸುಣ್ಣದ ಡಬ್ಬಿ ಬಿದ್ದು ಆದ ಗಾಯದ ಗುರುತಿದೆ. ಕ್ಯಾಮೆರಾ ಕಡೆ ನೇರವಾಗಿ ನೋಡುತ್ತಿದ್ದಾಳೆ. ಅವ್ವ ತೀರಿಕೊಂಡಾಗ ಫ್ರೇಮ್ ಹಾಕಿಸಲು ಅವಳ ಒಂದು ಫೋಟೋ ಇರಲಿಲ್ಲ, ನೆನಪಿದೆಯೇ? ಯಾರದೋ ಮದುವೆಯ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದೆವು. ಮುಖ ಮಸುಕಾಗಿತ್ತು. ಇದರಲ್ಲಿ ಅವಳು ಸ್ಪಷ್ಟವಾಗಿದ್ದಾಳೆ.

ಒಂಬತ್ತನೇ ಪುಟದಲ್ಲಿ ಗುರುತಿಸಿದವರ ಸಹಿ. ಬರೆದುಕೊಟ್ಟವರನ್ನು ನಾನು ಬಲ್ಲೆ ಎಂಬ ಸಾಲಿನ ಕೆಳಗೆ ನಿಮ್ಮದು.

ನಕಲು ಕೊಟ್ಟ ಕೌಂಟರಿನ ಮುಂದಿನ ಬೆಂಚಿನಲ್ಲಿ ಕೂತೆ. ಅಳು ಬರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು "ನೀರು ಕುಡೀತೀಯೇನ್ ತಂಗಿ?" ಎಂದು ಬಾಟಲಿ ಕೊಟ್ಟರು. ಕುಡಿದೆ. ಬಸ್ಸು ಹತ್ತಿ ಬಂದು ಮಧ್ಯಾಹ್ನದ ಡ್ಯೂಟಿ ಮಾಡಿದೆ. ಇದಾಗಿ ಎಂಟು ದಿನ. ಇನ್ನೂ ಏನೂ ಅನ್ನಿಸುತ್ತಿಲ್ಲ. ಹಲ್ಲು ಕೀಳಿಸಿಕೊಂಡ ದಿನ ತುಟಿ ಮುಟ್ಟಿ ನೋಡಿಕೊಂಡ ಹಾಗಿದೆ.

ಒಂದೇ ಪ್ರಶ್ನೆ. ಅವ್ವನಿಗೆ ಗೊತ್ತಿತ್ತೇ?

ಶಾಂಭವಿ

*

ಜೈಲು
12 ಜೂನ್ 2025

ಶಾಂಭವಿ,

ಇಂಥದ್ದನ್ನು ಪತ್ರದಲ್ಲಿ ಬರೆಯಬೇಡ. ಇಲ್ಲಿ ಎಲ್ಲವನ್ನೂ ಓದುತ್ತಾರೆ. ಇದು ಹೇಗೋ ಕಣ್ಣು ತಪ್ಪಿ ಬಂದಿದೆ. ನನ್ನ ಈ ಪತ್ರವನ್ನು ಲಾಲಸಾಬರು ಹೊರಗೆ ಡಬ್ಬಿಗೆ ಹಾಕುತ್ತಾರೆ.

ನಿನ್ನ ಪ್ರಶ್ನೆಗೆ ಉತ್ತರ, ಇಲ್ಲ. ಆಕೆಗೆ ಏನೂ ಗೊತ್ತಿರಲಿಲ್ಲ. ಸರ್ಕಾರದ ಯಾವುದೋ ಯೋಜನೆಗೆ ಹೆಸರು ಬರೆಸಬೇಕು ಎಂದು ನಾನು ಕರೆದುಕೊಂಡು ಹೋಗಿದ್ದೆ. ತೋರಿಸಿದಲ್ಲಿ ಕೂತಳು, ಹೇಳಿದಲ್ಲಿ ಒತ್ತಿದಳು. ಎಲ್ಲವೂ ನನ್ನದೇ. ಅವಳ ಮೇಲೆ ನಿನಗೆ ಏನೂ ಸಂಶಯ ಬೇಡ.

ಬಯಾನಾ ಬಿಟ್ಟುಬಿಡು. ಆ ಕಾಗದವನ್ನು ಒಲೆಗೆ ಹಾಕು. ಬೇರೆ ಊರಿನಲ್ಲಿ ಬೇರೆ ಪ್ಲಾಟು ನೋಡೋಣ, ನಾನು ಹೇಳಿಕೊಡುತ್ತೇನೆ.

ಅಪ್ಪ

*

ಜೇವರ್ಗಿ
24 ಜೂನ್ 2025

ಅಪ್ಪನಿಗೆ,

ಅವ್ವ ಏಳನೇ ಇಯತ್ತೆ ಓದಿದವಳು. ನನ್ನ ಶಾಲೆಯ ಪ್ರಗತಿ ಪತ್ರಗಳಿಗೆಲ್ಲ ಸಹಿ ಮಾಡುತ್ತಿದ್ದವಳು ಅವಳೇ. ನೀವು ಮನೆಯಲ್ಲಿ ಇರುತ್ತಿರಲಿಲ್ಲ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಗು ರ ಮ್ಮ ಎಂದು ಬಾಯಲ್ಲಿ ಅಂದುಕೊಳ್ಳುತ್ತಾ ಬರೆಯುತ್ತಿದ್ದಳು. ರೇಷನ್ ಅಂಗಡಿಯವನು ಹೆಬ್ಬೆಟ್ಟು ಒತ್ತು ಎಂದಾಗ "ನನಗ ಸಹಿ ಬರ್ತದರಿ" ಎಂದು ಜಗಳ ಮಾಡಿ ಬಂದಿದ್ದಳು.

ಆ ಎಂಟನೇ ಪುಟದಲ್ಲಿ ಸಹಿಯ ಜಾಗದಲ್ಲಿಯೂ ಹೆಬ್ಬೆಟ್ಟೇ ಇದೆ. ಮಲ್ಕಮ್ಮನಿಗೆ ಓದು ಬರಹ ಬರುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಅವ್ವನಿಗೆ ಬರುತ್ತಿತ್ತು.

ಮತ್ತೊಮ್ಮೆ ಕೇಳುತ್ತೇನೆ. ಅವ್ವನಿಗೆ ಗೊತ್ತಿತ್ತೇ?

ಶಾಂಭವಿ

*

ಜೈಲು
10 ಜುಲೈ 2025

ಶಾಂಭವಿ,

ಈ ಪತ್ರವನ್ನು ಸಾಹೇಬರು ಓದುತ್ತಾರೆ. ಓದಲಿ.

ಗೊತ್ತಿತ್ತು.

ಅಣ್ಣಾರಾಯನ ತಂಗಿ ಹಕ್ಕು ಬಿಡಲು ಒಪ್ಪಲಿಲ್ಲ. ಅವನು ಸೀರೆ ತೆಗೆದುಕೊಂಡು ಹೋದರೆ ಬಾಗಿಲಿನಲ್ಲೇ ನಿಲ್ಲಿಸಿ ವಾಪಸ್ ಕಳಿಸಿದಳು. ಅವನು ನನ್ನ ಹತ್ತಿರ ಬಂದ. ಬೇರೆ ಹೆಂಗಸರನ್ನು ನೋಡಿದೆ, ನಂಬಿಕೆ ಬರಲಿಲ್ಲ. ನಾಳೆ ಬಾಯಿಬಿಟ್ಟರೆ? ಬಾಯಿಬಿಡದ ಹೆಂಗಸು ನನಗೆ ಗೊತ್ತಿದ್ದವಳು ಒಬ್ಬಳೇ.

ನಿನ್ನ ಅವ್ವನನ್ನು ಕೇಳಿದೆ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ತಾನೇ ತಯಾರಾಗಿ ನಿಂತಿದ್ದಳು. ಯಾಕೆ ಒಪ್ಪಿದಳು ಎಂದು ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. ದಾರಿಯಲ್ಲಿ ಒಂದೇ ಮಾತು ಕೇಳಿದಳು. "ಆ ಹೆಣ್ಣಮಗಳಿಗಿ ಏನರ ಮುಟ್ಟಸ್ತೀರೇನ್ರಿ?" ಹೂಂ ಎಂದೆ. ಹೂಂ ಎನ್ನುವುದು ನನ್ನ ಕಸುಬು. ಕಚೇರಿಯಲ್ಲಿ ಅಲುಗಾಡದೆ ಕೂತಳು. ಹೆಸರು ಕೇಳಿದಾಗ ಮಲ್ಕಮ್ಮ ಎಂದಳು. ದನಿ ಅವಳದ್ದೇ ಇತ್ತು, ನನಗೆ ಗುರುತು ಹತ್ತಲಿಲ್ಲ. ಬೆರಳಿನ ಮಸಿಯನ್ನು ಹಿಂದಿರುಗುವಾಗ ಬಸ್ಸಿನ ಕಿಟಕಿಯ ಸರಳಿಗೆ ಒರೆಸುತ್ತಲೇ ಬಂದಳು.

ಮರುವಾರ ಅವಳೇ ಅಂಗಡಿಗೆ ಹೋಗಿ ಆ ಸೀರೆ ತಂದಳು. ತನ್ನ ಕಿವಿಯ ಬುಗುಡಿ ಮಾರಿ ತಂದಿದ್ದು. "ಇದನ್ನ ಹಿರೋಳ್ಳಿಗಿ ಒಯ್ದು ಕೊಟ್ಟು ಬರ್ರಿ. ಯಾರು ಕೊಟ್ಟಾರ ಅಂತ ಹೇಳಬ್ಯಾಡ್ರಿ" ಎಂದಳು. ನಾನು ಹೋಗಲಿಲ್ಲ. ಕೊಟ್ಟು ಬಂದೆ ಎಂದು ಸುಳ್ಳು ಹೇಳಿ ಸೀರೆಯನ್ನು ಆಫೀಸಿನ ಕಪಾಟಿನಲ್ಲಿ ಇಟ್ಟೆ. ಎಂಟು ವರ್ಷದ ಮೇಲೆ ಪುಣೆಯವನ ಪ್ಲಾಟಿನ ಕೇಸಿನಲ್ಲಿ ಪೊಲೀಸರು ಆಫೀಸು ಖಾಲಿ ಮಾಡಿಸಿದರಲ್ಲ, ಆಗ ಸಾಮಾನುಗಳ ಜೊತೆ ಅದು ಮನೆಗೆ ಬಂತು. ಅವಳು ಕಾಗದ ಬಿಚ್ಚಿ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಸುತ್ತಿ ಟ್ರಂಕಿನಲ್ಲಿಟ್ಟಳು. ಆಮೇಲೆ ಎರಡು ತಿಂಗಳು ಇದ್ದಳು. ಡಾಕ್ಟರು ಹೃದಯ ಎಂದರು. ಅದೇ ಇರಬಹುದು.

ನಿನ್ನ ಪತ್ರಕ್ಕೆ ಬರೆದ ಮೊದಲ ಉತ್ತರದಲ್ಲಿ, ಫೋಟೋ ಇರುತ್ತದೆ ನೋಡು ಎಂಬ ಸಾಲು ಬರೆದಾಗ ಕೈ ನಿಂತಿತ್ತು. ಹೊಡೆದು ಹಾಕಬಹುದಿತ್ತು. ಹಾಕಲಿಲ್ಲ. ಯಾಕೆ ಎಂದು ನನಗೂ ತಿಳಿಯದು.

ಈಗ ಆ ಹೊಲ ಲೇಔಟ್ ಆಗಿದೆ. ನೀನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಪ್ಲಾಟು ನಿನ್ನದಾಗುತ್ತದೆ, ಅವ್ವನ ಹೆಸರೂ ಉಳಿಯುತ್ತದೆ. ನೀನು ಹೇಳಿದರೆ ನನಗೆ ಇನ್ನೊಂದು ಕೇಸು. ಅದಕ್ಕೆ ನಾನು ಹೆದರುವುದಿಲ್ಲ. ಅವಳ ಹೆಸರಿಗೆ ಹೆದರುತ್ತೇನೆ. ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನನ್ನ ಸಲಹೆಗಳು ಇಲ್ಲಿಗೆ ಮುಗಿದವು.

ಅಪ್ಪ

*

ಜೇವರ್ಗಿ
3 ಆಗಸ್ಟ್ 2025

ಅಪ್ಪನಿಗೆ,

ಅವ್ವ ಯಾಕೆ ಒಪ್ಪಿದಳು ಎಂದು ನೀವು ಕೇಳಲಿಲ್ಲ. ನಾನು ಪತ್ರದ ತಾರೀಖು ನೋಡಿದೆ. 18 ಜೂನ್ 2014. ನನ್ನ ಲ್ಯಾಬ್ ಡಿಪ್ಲೊಮಾದ ಫೀ ಕಟ್ಟಲು ಕೊನೆಯ ದಿನ ಜೂನ್ 20 ಇತ್ತು. ಮನೆಯಲ್ಲಿ ದುಡ್ಡಿಲ್ಲ ಎಂದು ನಾನು ಮೂರು ದಿನ ಊಟ ಬಿಟ್ಟು ಮಲಗಿದ್ದೆ. ನಾಲ್ಕನೇ ದಿನ ಅವ್ವ ಬಂದು "ಏಳವ್ವ, ಆಗ್ತದ" ಎಂದಿದ್ದಳು. ಎದ್ದು ಉಂಡೆ. ಎಲ್ಲಿಂದ ಎಂದು ನಾನೂ ಕೇಳಲಿಲ್ಲ.

ನಿನ್ನೆ ಹಿರೋಳ್ಳಿಗೆ ಹೋಗಿದ್ದೆ. ನಕಲು, ಸೀರೆ ಎರಡನ್ನೂ ಒಯ್ದಿದ್ದೆ. ಬಾನುಬಿ ಆಪಾ ಜೊತೆಗೆ ಬರುತ್ತೇನೆ ಎಂದರು. ಬೇಡ ಎಂದೆ.

ಪಂಚಮಿ ಮುಗಿದು ನಾಲ್ಕನೇ ದಿನ. ತವರಿಗೆ ಹೋದವರೆಲ್ಲ ಉಂಡಿಯ ಡಬ್ಬಿ ಹೊತ್ತು ಬಸ್ಸುಗಳಲ್ಲಿ ಹಿಂತಿರುಗುತ್ತಿದ್ದರು. ಮಲ್ಕಮ್ಮ ಎಲ್ಲಿಗೂ ಹೋಗಿರಲಿಲ್ಲ. ಅಂಗಳದಲ್ಲಿ ಕೂತು ಹೆಸರುಕಾಳು ಕೇರುತ್ತಿದ್ದರು. ಅರವತ್ತು ದಾಟಿರಬೇಕು. ನಾನು ಗೊಬ್ಬೂರ ಎಂದ ಕೂಡಲೇ ಮೊರ ಕೆಳಗಿಟ್ಟು, "ನಮ್ಮಣ್ಣ ಕಳಸ್ಯಾನೇನ ಬೇ?" ಎಂದರು. ಹನ್ನೆರಡು ವರ್ಷವಾಯಿತಂತೆ, ಪಂಚಮಿಗೆ ಅವರನ್ನು ಕರೆಯಲು ಯಾರೂ ಬಂದಿಲ್ಲ. ಹೆಬ್ಬೆಟ್ಟು ಒತ್ತಲಿಲ್ಲವೆಂದು ಅಣ್ಣನಿಗೆ ಸಿಟ್ಟು, ಒಂದು ದಿನ ಇಳಿಯುತ್ತದೆ, ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಕೂತಿದ್ದಾರೆ. ಅವರ ಅಪ್ಪ ಸಾಯುವಾಗ ಬಾಯಿ ಬಿಟ್ಟು ಹೇಳಿದ್ದನಂತೆ, ಬೇವಿನ ಗಿಡದ ಕಡೆಯ ಎರಡು ಎಕರೆ ಮಗಳದು ಎಂದು. ಅದೇ ಗಿಡ.

ನಾನು ಎಲ್ಲ ಹೇಳಿದೆ. ನಿಧಾನವಾಗಿ, ರಿಪೋರ್ಟು ಓದಿ ಹೇಳುವ ಹಾಗೆ. ಎಂಟನೇ ಪುಟ ತೆಗೆದು ಕೈಯಲ್ಲಿ ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಕಿ ಯಾರು?"

"ನಮ್ಮವ್ವ" ಎಂದೆ.

"ಹೆಸರು?"

"ಗುರಮ್ಮ."

"ಇದ್ದಾಳೇನು?"

"ಇಲ್ರಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ನೀರು ತಂದುಕೊಟ್ಟರು. ಆಗ ನಾನು ಸೀರೆಯನ್ನು ಮುಂದಿಟ್ಟೆ. ಇದು ಅವ್ವ ನಿಮಗೆಂದು ತಂದದ್ದು, ಹನ್ನೊಂದು ವರ್ಷ ನಮ್ಮಲ್ಲೇ ಉಳಿದಿತ್ತು ಎಂದೆ. ಅವರು ಕಾಗದ ಸರಿಸಿ ಸೆರಗನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿದರು. ಖಣ, ಅರಿಶಿನ ಕೊಂಬು ನೋಡಿದರು. ಮತ್ತೆ ಹಾಗೆಯೇ ಸುತ್ತಿ ನನ್ನ ಕಡೆ ನೂಕಿದರು.

"ಸೀರಿ ತಗೊಂಡ್ರ ಹೊಲ ಕೊಟ್ಟಂಗ ಆಗ್ತದ ತಂಗಿ. ಅಣ್ಣಂದೇ ತಗೊಂಡಿಲ್ಲ ನಾ. ಸೀರಿ ಒಯ್ಯಿ. ಫೋಟೋ ಇಟ್ಟು ಹೋಗು."

ಇಟ್ಟು ಬಂದೆ. ಅದನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದರು, ಬೇಡವೆಂದರೂ. ಬಸ್ಸು ಬರುವವರೆಗೆ ನಿಂತರು. ಕೊನೆಗೆ ಕೇಳಿದರು, "ನಿಮ್ಮವ್ವಗ ಸಹಿ ಬರ್ತಿತ್ತೇನು?" ಬರುತ್ತಿತ್ತು ಎಂದೆ. ಅವರು ತಲೆ ಆಡಿಸಿದರು. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಆಳಂದದವರೆಗೂ ನಿಲ್ಲಲಿಲ್ಲ.

ಭೀಮಶಾನಿಗೆ ಪ್ಲಾಟು ಬೇಡವೆಂದು ಹೇಳಿದ್ದೇನೆ. ಬಯಾನಾ ವಾಪಸ್ ಬರುವುದಿಲ್ಲವಂತೆ. ಬೋರಮಾಳ ಹೋಯಿತು. ನಿನ್ನೆ ಬಂದು ಸಕ್ಕರೆ ಡಬ್ಬಿಯ ಹಿಂದಿನ ಪತ್ರಗಳನ್ನು ಒಡೆದೆ. ಒಂಬತ್ತರಲ್ಲೂ ಒಂದೇ ಮಾತಿದೆ, ಊಟ ಸರಿಯಾಗಿ ಮಾಡು ಎಂದು.

ಮಲ್ಕಮ್ಮ ಸೋಮವಾರ ಆಳಂದಕ್ಕೆ ವಕೀಲರ ಹತ್ತಿರ ಹೋಗುತ್ತಾರೆ. ನಾನೂ ರಜೆ ಹಾಕಿ ಹೋಗುತ್ತೇನೆ. ಆಮೇಲೆ ಪೊಲೀಸರು ನಿಮ್ಮ ಹತ್ತಿರ ವಿಚಾರಣೆಗೆ ಬರುತ್ತಾರೆ. ಫೋಟೋದಲ್ಲಿರುವವರು ಯಾರು ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನಬೇಡಿ. ಅವ್ವನ ಹೆಸರು ಹೇಳಿ, ಪೂರ್ತಿ ಹೇಳಿ. ನೀವು ಇಪ್ಪತ್ತೆರಡು ವರ್ಷ ಊರವರಿಗೆಲ್ಲ ಜಾಗ ಬರೆಸಿಕೊಟ್ಟಿರಿ, ಅವಳ ಹೆಸರಿಗೆ ಒಂದು ಗುಂಟೆಯನ್ನೂ ಬರೆಸಲಿಲ್ಲ. ಈ ಒಂದು ಕಾಗದದಲ್ಲಾದರೂ ಅವಳ ಹೆಸರು ಅವಳದೇ ಆಗಿರಲಿ.

ಗುರಮ್ಮನ ಮಗಳು
ಶಾಂಭವಿ